ಅಮ್ಮ, ಮಕ್ಕಳ ಜೊತೆ ಕಾಡು ನೋಡಲು: ಬಂಡೀಪುರವೋ, ಕುಟ್ಟದ ಕಡೆಯ ನಾಗರಹೊಳೆಯೋ?

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಬದಿಯಡ್ಕ ಕಡೆಯಿಂದ ಹೊರಡುವವರು ಕೇಳಿದರೆ ನಾನು ಹೇಳುವುದು ಒಂದೇ ಮಾತು: ಕೊಡಗಿನ ಗಡಿಯ ಕುಟ್ಟಕ್ಕೆ ಹೋಗಿ, ನಾಣಚ್ಚಿ ಗೇಟಿನಿಂದ ನಾಗರಹೊಳೆ ನೋಡಿ. ಬಂಡೀಪುರದ ಕಾಡಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ನಮ್ಮ ಕಾರಿನಲ್ಲಿ ಇರುವವರು ಎಪ್ಪತ್ತು ದಾಟಿದ, ಮಂಡಿನೋವಿನ ಅಮ್ಮ, ಆರನೇ ಕ್ಲಾಸಿನ ಮಗಳು, ತಿರುವು ಹೆಚ್ಚಾದರೆ ವಾಂತಿ ಮಾಡುವ ಐದು ವರ್ಷದ ಮಗ. ಇವರನ್ನು ಕರೆದುಕೊಂಡು ಒಮ್ಮೆ ಬಂಡೀಪುರಕ್ಕೆ, ಎರಡು ಸಲ ಕುಟ್ಟಕ್ಕೆ ಹೋಗಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಬಂಡೀಪುರಕ್ಕೆ ಹೋದದ್ದು 2024ರ ಮೇ ತಿಂಗಳಲ್ಲಿ. ರೂಮು ಹುಡುಕಿದ್ದು ಫೋನಿನಲ್ಲಿ. 'ಬಂಡೀಪುರಕ್ಕೆ ತಾಗಿಕೊಂಡೇ ಇದೆ ಸಾರ್, ಬೆಳಗ್ಗಿನ ಸಫಾರಿಗೆ ಆರಾಮಾಗಿ ಹೋಗಬಹುದು' ಎಂದು ಆ ಕಡೆಯವರು ಹೇಳಿದರು. ಎರಡು ರಾತ್ರಿಯ ಪೂರ್ತಿ ಹಣ ಮುಂಗಡ ಕೊಟ್ಟೆ. ಮೈಸೂರು ದಾಟಿ ಗುಂಡ್ಲುಪೇಟೆಯಲ್ಲಿ ಚಾ ಕುಡಿಯುವಾಗ ಅವರು ಕಳಿಸಿದ ಲೊಕೇಶನ್ ತೆರೆದು ನೋಡಿದರೆ ಆ ರೂಮು ಇದ್ದದ್ದು ಮಸಿನಗುಡಿಯಲ್ಲಿ. ಅಂದರೆ ಬಂಡೀಪುರ ದಾಟಬೇಕು, ಗಡಿ ದಾಟಬೇಕು, ಮುದುಮಲೆ ಕಾಡಿನ ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಬೇಕು. ಅದು ತಮಿಳುನಾಡಿನ ನೀಲಗಿರಿ ಜಿಲ್ಲೆ.

ಆ ತಿಂಗಳ 7ರಿಂದಷ್ಟೇ ಮದ್ರಾಸ್ ಹೈಕೋರ್ಟಿನ ಆದೇಶದಂತೆ ನೀಲಗಿರಿಗೆ ಹೊರಗಿನ ಗಾಡಿಗಳು ಬರಬೇಕಾದರೆ ಇ-ಪಾಸ್ ಬೇಕೆಂದು ಆಗಿತ್ತು. ರೂಮಿನವರು ಅದನ್ನೂ ಹೇಳಿರಲಿಲ್ಲ. ಗಡಿಯ ಚೆಕ್‌ಪೋಸ್ಟಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಗಾಡಿ ತಿರುಗಿಸಿ, ಸಿಗ್ನಲ್ ಸಿಗುವಲ್ಲಿಗೆ ವಾಪಸ್ ಬಂದು, ಪಾಸ್ ಮಾಡಿಕೊಂಡು ಮತ್ತೆ ಸಾಲಿನಲ್ಲಿ ನಿಂತೆವು. ಡಿಕ್ಕಿ ತೆರೆಸಿ ನೋಡಿದರು. ಆ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ನಿಷೇಧ. ದಾರಿಗೆಂದು ಕೊಂಡಿದ್ದ ಹನ್ನೆರಡು ಬಾಟಲಿಗಳನ್ನು ಇಳಿಸಿ ಅಲ್ಲೇ ಕೊಟ್ಟೆವು. ನಿಯಮ ಸರಿಯೇ, ಕಾಡಿನ ದಾರಿಯಲ್ಲಿ ಹಾಗೇ ಇರಬೇಕು. ಆದರೆ ಮೇ ತಿಂಗಳ ಬಿಸಿಲಿನಲ್ಲಿ ಅಮ್ಮ ಗುಳಿಗೆ ನುಂಗಲು ನೀರು ಕೇಳಿದಾಗ ಗಾಡಿಯಲ್ಲಿ ಉಳಿದದ್ದು ಮಗನ ಸ್ಕೂಲಿನ ಸ್ಟೀಲ್ ಬಾಟಲಿಯ ತಳದಲ್ಲಿದ್ದ ಎರಡು ಗುಟುಕು.

ನಿಜವಾದ ನಷ್ಟ ತಿಳಿದದ್ದು ರಾತ್ರಿ ಊಟಕ್ಕೆ ಕೂತಾಗ. ಬಂಡೀಪುರದ ಸಫಾರಿ ಹೊರಡುವುದು ಗುಂಡ್ಲುಪೇಟೆ ಕಡೆಯ ಮೇಲುಕಾಮನಹಳ್ಳಿಯಿಂದ. ಬೆಳಗ್ಗಿನ ಸಫಾರಿಗೆ ಆರೂಕಾಲಕ್ಕೆ ಅಲ್ಲಿ ಹಾಜರಿರಬೇಕು. ನಡುವಿನ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. ಈ ರಾತ್ರಿ ನಿಷೇಧ 2009ರಿಂದ ಇದೆ, ಅಲ್ಲಿ ರೂಮು ನಡೆಸುವವರಿಗೆ ಗೊತ್ತಿಲ್ಲದ್ದಲ್ಲ. ಆರಕ್ಕೆ ಗೇಟು ತೆರೆದು, ಹಂಪುಗಳ ಮೇಲೆ ನಿಧಾನ ಹೋಗಿ ಆರೂಕಾಲಕ್ಕೆ ಆ ತುದಿ ಮುಟ್ಟುವುದು ಸಾಧ್ಯವೇ ಇಲ್ಲ. ಅಲಾರಾಂ ಇಟ್ಟು, ಬೈನಾಕ್ಯುಲರ್ ತಲೆದಿಂಬಿನ ಕೆಳಗಿಟ್ಟು ಮಲಗಿದ್ದ ಮಗಳಿಗೆ ಇದನ್ನು ಹೇಳಬೇಕಾಗಿ ಬಂತಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಬಂಡೀಪುರಕ್ಕೇ ಹೋಗುವವರು ದಯವಿಟ್ಟು ಒಂದು ಪ್ರಶ್ನೆ ಕೇಳಿ: ರೂಮು ಗೇಟಿನ ಆಚೆಯೋ ಈಚೆಯೋ? ಗುಂಡ್ಲುಪೇಟೆ ಕಡೆಗಿದ್ದರೆ ಮಾತ್ರ ಹಣ ಕೊಡಿ.

ಸಂಜೆಯ ಬಸ್ ಸಫಾರಿ ಸಿಕ್ಕಿತು. ಬೇಸಿಗೆಯಾದ್ದರಿಂದ ಎಲೆ ಉದುರಿ ದೂರದ ತನಕ ಕಾಣಬೇಕಿತ್ತು, ಆದರೆ ಲಂಟಾನ ಪೊದೆ ಎಷ್ಟೋ ಕಡೆ ಗೋಡೆಯ ಹಾಗೆ ಎದ್ದಿದೆ. ಜಿಂಕೆ, ನವಿಲು, ಕೆರೆಯ ಆಚೆ ದಡದಲ್ಲಿ ಒಂದು ಆನೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮಾತ್ರ ಅಮ್ಮನಿಗೆ ತುಂಬ ಹಿಡಿಸಿತು. ಸ್ವಂತ ಗಾಡಿ ಮೇಲೆ ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸು ಇದೆ.

ಈಗ ಕುಟ್ಟ. ಮುಳ್ಳೇರಿಯದಿಂದ ಆದೂರು, ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ, ಗೋಣಿಕೊಪ್ಪ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಮಧ್ಯಾಹ್ನದ ಊಟ ಕುಟ್ಟದಲ್ಲೇ. ಮಗ ಘಾಟಿಯಲ್ಲಿ ಒಮ್ಮೆ ವಾಂತಿ ಮಾಡಿದ, ಅಲ್ಲಿಗೆ ಮುಗಿಯಿತು. ಕಾಫಿ ತೋಟದ ಮನೆಯಲ್ಲಿ ಎರಡು ರೂಮು. ಬಂಡೀಪುರದ ಸಲ ಕೊಟ್ಟದ್ದರ ಅರ್ಧದಷ್ಟೂ ಆಗಲಿಲ್ಲ, ಅಮ್ಮನಿಗೆ ಬಿಸಿನೀರು ಕಾಯಿಸಿ ಕೊಟ್ಟರು. ನಾಣಚ್ಚಿ ಗೇಟು ಹತ್ತಿರವೇ.

ನಾವು ಹೋದದ್ದು ಎರಡು ಸಲವೂ ಓಣಂ ರಜೆಯಲ್ಲಿ. ಇದು ಕಾಸರಗೋಡಿನವರಿಗೆ ಇರುವ ದೊಡ್ಡ ಅನುಕೂಲ. ನಮ್ಮ ಮಕ್ಕಳಿಗೆ ಹತ್ತು ದಿನ ರಜೆ ಇರುವಾಗ ಕರ್ನಾಟಕದ ಮಕ್ಕಳು ಶಾಲೆಯಲ್ಲಿರುತ್ತಾರೆ, ವಾರದ ನಡುವೆ ರೂಮೂ ಖಾಲಿ, ಸಫಾರಿ ಗಾಡಿಯೂ ಖಾಲಿ. ಆ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಎಲ್ಲೆಲ್ಲೂ ನೀರು ಇರುವುದರಿಂದ ಪ್ರಾಣಿಗಳು ಚದುರಿರುತ್ತವೆ. ಆನೆಗಳ ದೊಡ್ಡ ಹಿಂಡು ನೋಡಬೇಕಾದರೆ ಏಪ್ರಿಲ್, ಮೇಯಲ್ಲಿ ಕಬಿನಿ ಹಿನ್ನೀರು ಇಳಿದು ದಡದಲ್ಲಿ ಹುಲ್ಲು ಚಿಗುರುವಾಗ ನಾಗರಹೊಳೆಯ ಇನ್ನೊಂದು ಸಫಾರಿ ಗೇಟಾದ ದಮ್ಮನಕಟ್ಟೆ ಕಡೆ ಹೋಗಬೇಕು. ಆ ಕಡೆಯ ರೂಮಿನ ದರ ನನ್ನ ಕೈಗೆ ಎಟಕುವುದಲ್ಲ.

ನಮಗೆ ಕಂಡದ್ದು ಕಾಟಿ, ಅಂದರೆ ಕಾಡುಕೋಣ. ಗಾಡಿ ನಿಂತಾಗ ರಸ್ತೆಯಿಂದ ಹತ್ತು ಮಾರು ದೂರದಲ್ಲಿ ಒಂದು ಗಂಡು, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ಹಾಕಿದ ಹಾಗೆ. ಬೆನ್ನಿನ ಮೇಲೆ ಮಳೆಹನಿ ಹಾಗೇ ನಿಂತಿತ್ತು. ಅದು ಬಿದಿರಿನ ಎಲೆ ಎಳೆದು ಜಗಿಯುವ ಸದ್ದು ಗಾಡಿಯೊಳಗೆ ಕೇಳುತ್ತಿತ್ತು. ಅಮ್ಮ ಕಿಟಕಿಯ ಸರಳು ಹಿಡಿದು, ಮೊಮ್ಮಗನ ಬಾಯಿಗೆ ಕೈ ಇಟ್ಟು, ಅದು ತಿಂದು ಮುಗಿಸಿ ಹೋಗುವ ತನಕ ನೋಡುತ್ತಲೇ ಇದ್ದರು.

ಕುಟ್ಟದಿಂದ ಸ್ವಲ್ಪ ಮುಂದೆಯೇ ಕೇರಳದ ತೋಲ್ಪೆಟ್ಟಿ, ವಯನಾಡು ಅಭಯಾರಣ್ಯದ ಉತ್ತರ ಭಾಗ. ಕಾಡು ಅದೇ, ಜೀಪು ಸಿಗುತ್ತದೆ. ಜೀಪಿನ ಕುಲುಕಾಟ ಅಮ್ಮನ ಮಂಡಿಗೆ ಆಗಲಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಎಷ್ಟೋ ವರ್ಷ ಅದನ್ನು ಮುಚ್ಚುತ್ತಾರೆ.

ಕುದುರೆಮುಖ ನಮಗೆ ಒಂದೇ ದಿನದ ದಾರಿ, ಕಾರ್ಕಳ, ಬಜಗೋಳಿ ಮೇಲೆ. ಶೋಲಾ ಕಾಡು, ಹುಲ್ಲುಗುಡ್ಡ, ರಸ್ತೆ ಬದಿಯ ಕಡಾಂಬಿ ಜಲಪಾತ, ಕಣ್ಣಿಗೆ ಅದರಷ್ಟು ತಂಪು ಬೇರೆ ಯಾವುದೂ ಇಲ್ಲ. ಮಕ್ಕಳು ಪ್ರಾಣಿ ಕೇಳುತ್ತಾರೆ, ಅಲ್ಲಿ ಸಫಾರಿ ಇಲ್ಲ.

ಒಂದು ಮಾತು ಎರಡೂ ಕಡೆಗೆ. 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ಜನ ಸತ್ತ ನಂತರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ಕಾಡಂಚಿನವರ ಜೀವ ನಮ್ಮ ರಜೆಗಿಂತ ದೊಡ್ಡದು. ಹಾಗಾಗಿ ರೂಮಿಗೆ ದುಡ್ಡು ಕೊಡುವ ಮುಂಚೆ ಅರಣ್ಯ ಇಲಾಖೆಯನ್ನೇ ವಿಚಾರಿಸಿ.

ಸಫಾರಿ ಇಲ್ಲದಿದ್ದರೂ ಕುಟ್ಟಕ್ಕೆ ಹೋದದ್ದು ದಂಡವಾಗುವುದಿಲ್ಲ. ಹತ್ತಿರ ಇರ್ಪು ಜಲಪಾತ, ಲಕ್ಷ್ಮಣತೀರ್ಥ. ತೋಲ್ಪೆಟ್ಟಿ ದಾಟಿದರೆ ತಿರುನೆಲ್ಲಿ ದೇವಸ್ಥಾನ, ದಾರಿಯಲ್ಲಿ ತೆಟ್ಟು ರೋಡಿನ ಬಿಸಿ ಉಣ್ಣಿಯಪ್ಪ. ಕಳೆದ ಸಲ ಅಲ್ಲಿನ ಪಾಪನಾಶಿನಿ ತೊರೆಗೆ ಹೋಗಲು ಹೊತ್ತು ಸಾಲಲಿಲ್ಲ. ಮುಂದಿನ ಓಣಂಗೆ ಒಂದು ದಿನ ಮೊದಲೇ ಹೊರಡೋಣ, ಮೊದಲು ತಿರುನೆಲ್ಲಿಯಲ್ಲಿ ಅಪ್ಪನಿಗೆ ಎಳ್ಳುನೀರು ಬಿಟ್ಟು ಆಮೇಲೆ ಕಾಡಿಗೆ ಹೋಗೋಣ ಎಂದಿದ್ದಾರೆ ಅಮ್ಮ. ತೋಟದ ಮನೆಯವರಿಗೆ ಮೂರು ರಾತ್ರಿ ಎಂದು ಹೇಳಿಟ್ಟಿದ್ದೇನೆ.