ಬಾನೆಟ್‌ಗೆ ಮನೆಯಲ್ಲೇ ಮಾಡಿದ ಗಾಳಿಕಿಂಡಿ: ಎರಡೂವರೆ ವರ್ಷ ಬಳಸಿದ ಮೇಲೆ

ಎರಡೂವರೆ ವರ್ಷದ ಹಿಂದೆ ನನ್ನ ಕಾರಿನ ಬಾನೆಟ್ ಕತ್ತರಿಸಿ, ಬಿಸಿಗಾಳಿ ಹೊರಗೆ ಹೋಗಲು ಎರಡು ಕಿಂಡಿ ಮಾಡಿದೆ. ರೆಡಿಮೇಡ್ ವೆಂಟ್ ಕೊಳ್ಳಲಿಲ್ಲ. ಮನೆಯಲ್ಲಿ ಉಳಿದಿದ್ದ ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು, ಸ್ಟೀಲ್ ಜಾಲರಿ, ಒಂದು ಹಿಡಿ ರಿವೆಟ್, ಒಂದು ಡಬ್ಬಿ ಪ್ರೈಮರ್, ಸ್ವಲ್ಪ ಪೇಂಟ್. ಇಷ್ಟರಲ್ಲೇ ಕೆಲಸ ಮುಗಿಯಿತು. ಆಮೇಲೆ 31,000 ಕಿಲೋಮೀಟರ್ ಓಡಿಸಿದ್ದೇನೆ, ಮೂರು ಮಳೆಗಾಲ ದಾಟಿಸಿದ್ದೇನೆ. ಇಂಥ ಕೆಲಸ ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಮೊದಲ ವಾರದಲ್ಲಿ ಗೊತ್ತಾಗುವುದಿಲ್ಲ, ಅದಕ್ಕೇ ಇಷ್ಟು ದಿನ ಬರೆಯದೆ ಕಾದೆ.

ನನ್ನದು ಹಳೆಯ ಪೆಟ್ರೋಲ್ ಕಾರು. ಎಂಜಿನ್ ಅಡ್ಡಕ್ಕೆ ಕೂತಿದೆ, ಸುತ್ತ ಜಾಗ ಕಡಿಮೆ. ಬೇಸಿಗೆಯಲ್ಲಿ ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಪಿಕಪ್ ಬಿದ್ದುಹೋಗುತ್ತಿತ್ತು. ಎಲ್ಲಾದರೂ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಟರೆ ಇನ್ನೂ ಜಾಸ್ತಿ ಎಳೆದಾಡುತ್ತಿತ್ತು. ಒಮ್ಮೆ ಏರ್ ಫಿಲ್ಟರ್ ಬದಲಿಸುವಾಗ ಪಕ್ಕದ ಕನೆಕ್ಟರ್ ಬಿಚ್ಚಲು ಹೋದೆ. ಅದರ ಪ್ಲಾಸ್ಟಿಕ್ ಕ್ಲಿಪ್ ಒಣಗಿದ ಕಡ್ಡಿಯ ಹಾಗೆ ಬೆರಳಲ್ಲೇ ಪುಡಿಯಾಯಿತು. ಒಳಗೆ ಎಷ್ಟು ಬಿಸಿ ನಿಲ್ಲುತ್ತಿದೆ ಅಂತ ಅವತ್ತು ಅರ್ಥವಾಯಿತು.

ಒಂದು ಮಾತು ಮೊದಲೇ ಹೇಳುತ್ತೇನೆ. ನಿಮ್ಮ ಕಾರು ಓವರ್‌ಹೀಟ್ ಆಗುತ್ತಿದ್ದರೆ ಇದು ಅದಕ್ಕೆ ಮದ್ದಲ್ಲ. ರೇಡಿಯೇಟರ್ ಕಟ್ಟಿಕೊಂಡಿದೆಯಾ, ಫ್ಯಾನ್ ಸರಿಯಾಗಿ ತಿರುಗುತ್ತಿದೆಯಾ, ಎಂಜಿನ್ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ತೆರೆಯುತ್ತಿದೆಯಾ, ಅದನ್ನೆಲ್ಲ ಸರಿಮಾಡಿಸಿ. ನಾನೂ ಅದೆಲ್ಲ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಬಾನೆಟ್‌ಗೆ ಕೈ ಹಾಕಿದ್ದು.

ಕಿಂಡಿ ಎಲ್ಲಿ ಮಾಡಬೇಕು ಅನ್ನೋದೇ ಇದರಲ್ಲಿ ಮುಕ್ಕಾಲು ಕೆಲಸ. ಮೊದಲು ನಾನೂ ತಪ್ಪು ಮಾಡಿದೆ. ಬಾನೆಟ್‌ನ ಹಿಂದಿನ ಹಿಂಜ್‌ಗಳ ಕೆಳಗೆ ವಾಷರ್ ಇಟ್ಟು ಎತ್ತರಿಸಿದರೆ ಬಿಸಿ ಅಲ್ಲಿಂದ ಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ಎರಡು ವಾರ ಹಾಗೇ ಓಡಿಸಿದೆ. ಕಾರಿನೊಳಗೆ ಬಿಸಿ ಎಣ್ಣೆಯ ವಾಸನೆ ಶುರುವಾಯಿತು. ಕಾರಣ ಸರಳ. ಓಡುವಾಗ ಗಾಳಿ ಮುಂದಿನ ಗಾಜಿನ ಬುಡಕ್ಕೆ ಬಡಿದು ಅಲ್ಲಿ ಒತ್ತಡ ಹೆಚ್ಚಾಗುತ್ತದೆ. ಆ ಒತ್ತಡ ಒಳಗಿನ ಗಾಳಿಯನ್ನು ಹೊರಗೆ ಬಿಡುವುದಿಲ್ಲ, ಹೊರಗಿನದನ್ನೇ ಒಳಗೆ ತಳ್ಳುತ್ತದೆ. ನಿಂತಾಗ ಹೊರಬರುವ ಬಿಸಿಯೋ, ಕ್ಯಾಬಿನ್‌ಗೆ ಗಾಳಿ ಎಳೆಯುವ ಬಾಯಿ ಅಲ್ಲೇ ಇರುವುದರಿಂದ ನೇರ ನಮ್ಮ ಮೂಗಿಗೆ ಬರುತ್ತದೆ. ವಾಷರ್ ತೆಗೆದುಹಾಕಿದೆ.

ಆಮೇಲೆ ಅಳೆದು ನೋಡಿದೆ. ಸಣ್ಣ ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ತುಂಬಿ, ರಟ್ಟಿಗೆ ಅಂಟಿಸಿದೆ. ಒಂದು ತುದಿ ಎಂಜಿನ್ ಇರುವ ಜಾಗಕ್ಕೆ, ಇನ್ನೊಂದು ತುದಿ ಬಾನೆಟ್ ಮೇಲೆ ಟೇಪ್ ಹಾಕಿ ಅಂಟಿಸಿದ್ದು. ಗೆಳೆಯ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್‌ನಲ್ಲಿ ಓಡಿಸಿದ, ನಾನು ಪಕ್ಕದಲ್ಲಿ ಕೂತು ನೀರು ನೋಡಿದೆ. ರೇಡಿಯೇಟರ್‌ಗೆ ಸ್ವಲ್ಪ ಹಿಂದೆ ಇಟ್ಟಾಗ ಹೊರಗಿನ ಕಡೆಯ ನೀರು ಏಳೆಂಟು ಮಿಲಿಮೀಟರ್ ಮೇಲೇರಿತು. ಅಂದರೆ ಅಲ್ಲಿ ಗಾಳಿ ಹೊರಕ್ಕೆ ಎಳೆಯುತ್ತಿದೆ. ಗಾಜಿನ ಹತ್ತಿರ ಸರಿಸುತ್ತಾ ಹೋದಂತೆ ವ್ಯತ್ಯಾಸ ಕಡಿಮೆಯಾಗಿ, ಕೊನೆಗೆ ನೀರು ಉಲ್ಟಾ ತಿರುಗಿತು. ಬೆರಳು ದಪ್ಪದ ಪೈಪು ತೋರಿಸಿದ ಆ ಉತ್ತರ ನೋಡಿ ನನಗೆ ತುಂಬಾ ಖುಷಿಯಾಯಿತು. ಜಾಗ ಅಲ್ಲೇ ನಿಗದಿಯಾಯಿತು.

ಬಾನೆಟ್ ಬಿಚ್ಚಿ ಕಂಬಳಿ ಮೇಲೆ ಮಲಗಿಸಿ ಕತ್ತರಿಸಿದೆ. ಕಾರಿನ ಮೇಲೇ ಕತ್ತರಿಸಿದರೆ ಕಬ್ಬಿಣದ ಪುಡಿಯೆಲ್ಲ ಎಂಜಿನ್ ಮೇಲೆ ಬೀಳುತ್ತದೆ. ಒಳಗಿನ ಪಟ್ಟಿಗಳು ಬಾನೆಟ್‌ನ ಮೂಳೆ ಇದ್ದ ಹಾಗೆ, ಅವನ್ನು ಮುಟ್ಟಲೇಬಾರದು. ಅವುಗಳ ನಡುವಿನ ತಗಡಿನಲ್ಲಿ ಮಾತ್ರ ತಲಾ 26 × 9 ಸೆಂಟಿಮೀಟರ್‌ನ ಎರಡು ಕಿಂಡಿ. ಮೊದಲು ನಾಲ್ಕು ಮೂಲೆಗೂ ದುಂಡನೆಯ ತೂತು ಹಾಕಿ, ಆಮೇಲೆ ಸಣ್ಣ ಹಲ್ಲಿನ ಬ್ಲೇಡ್‌ನಲ್ಲಿ ಕತ್ತರಿಸಿದೆ. ಮೂಲೆ ಚೂಪಾಗಿದ್ದರೆ ಅದುರಿ ಅದುರಿ ಅಲ್ಲಿಂದಲೇ ಬಿರುಕು ಬಿಡುತ್ತದೆ. ಇವತ್ತಿಗೂ ಎಲ್ಲೂ ಬಿರುಕು ಕಂಡಿಲ್ಲ. ಕಿಂಡಿಗಳಿಗೆ ಅಲ್ಯೂಮಿನಿಯಂ ತಗಡಿನ ಪಟ್ಟಿಗಳನ್ನು ಹಿಂದಕ್ಕೆ ವಾಲಿಸಿ ಕೂರಿಸಿದ್ದೇನೆ. ಕಿಂಡಿಯ ಮುಂದಿನ ಅಂಚಿಗೆ 12 ಮಿಲಿಮೀಟರ್ ಎತ್ತರದ ಒಂದು ತಡೆ ಇದೆ. ಗಾಳಿ ಅದನ್ನು ಹಾರಿ ಹೋಗುವಾಗ ಹಿಂದೆ ಒತ್ತಡ ಇಳಿದು ಬಿಸಿ ಹೊರಗೆ ಸೆಳೆಯುತ್ತದೆ.

ಫಲ ಏನು? ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಎಷ್ಟು ಬಿಸಿ ಅಂತ ತೋರಿಸುವ ಮೀಟರ್ ನೋಡಿದರೆ ಏನೂ ಇಲ್ಲ, ಮುಳ್ಳು ಮೊದಲಿದ್ದಲ್ಲೇ ಇದೆ. ಅದನ್ನು ಥರ್ಮೋಸ್ಟಾಟ್ ಹಿಡಿದಿಡುತ್ತದೆ, ಹಾಗಾಗಿ ಬದಲಾಗಬಾರದು ಕೂಡ. ಬದಲಾಗಿದ್ದು ಎಂಜಿನ್ ಎಳೆದುಕೊಳ್ಳುವ ಗಾಳಿಯ ಬಿಸಿ. ಹೊರಗೆ 34 ಡಿಗ್ರಿ ಇದ್ದ ದಿನ, ಎಸಿ ಹಾಕಿ 15 ನಿಮಿಷ ನಿಂತಾಗ ಒಬಿಡಿ ರೀಡರ್ (ಕಾರಿನ ಕಂಪ್ಯೂಟರ್‌ನ ಅಂಕಿ ಓದುವ ಸಾಧನ) ಮೊದಲು 71 ಡಿಗ್ರಿ ತೋರಿಸಿತ್ತು. ಕಿಂಡಿ ಮಾಡಿದ ಮೇಲೆ ಅಂಥದ್ದೇ ದಿನ 58. ಹದಿಮೂರು ಡಿಗ್ರಿ ಇಳಿದರೆ ಗಾಳಿ ಸುಮಾರು ನಾಲ್ಕು ಶೇಕಡಾ ದಟ್ಟವಾಗುತ್ತದೆ. ಪಿಕಪ್‌ನಲ್ಲಿ ಅದು ಗೊತ್ತಾಗುತ್ತದೆ. ಹೈವೇಯಲ್ಲಿ ವ್ಯತ್ಯಾಸ ಎರಡು ಮೂರು ಡಿಗ್ರಿ ಅಷ್ಟೇ. ಮೈಲೇಜ್‌ನಲ್ಲಿ ಏನೂ ಬದಲಾವಣೆ ಕಾಣಲಿಲ್ಲ, ಅದಕ್ಕೋಸ್ಕರ ಯಾರೂ ಮಾಡಬೇಡಿ. ನನಗೆ ಜಾಸ್ತಿ ಸಮಾಧಾನ ಕೊಡುವುದು ಗಾಡಿ ಆಫ್ ಮಾಡಿದ ಮೇಲಿನ ಹೊತ್ತು. ಕಿಂಡಿಯ ಮೇಲೆ ಅಂಗೈ ಹಿಡಿದರೆ ಒಲೆಯ ಮೇಲೆ ಹಿಡಿದ ಹಾಗೆ ಬಿಸಿ ಏಳುತ್ತಿರುತ್ತದೆ. ಮೊದಲು ಅಷ್ಟೂ ಒಳಗೇ ನಿಂತು ರಬ್ಬರ್ ಪೈಪು, ವೈರು, ಬ್ಯಾಟರಿಯನ್ನು ಬೇಯಿಸುತ್ತಿತ್ತು.

ಈಗ ಮಳೆಯ ವಿಚಾರ. ಇದನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಓಡುವಾಗ ನೀರು ಅಷ್ಟು ಒಳಗೆ ಬರುವುದಿಲ್ಲ, ನಿಲ್ಲಿಸಿದಾಗ ನೇರ ಬೀಳುತ್ತದೆ. ಬಲಗಡೆ ಕಿಂಡಿಯ ಕೆಳಗೇ ಬೆಲ್ಟ್‌ನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಮೊದಲ ಜೋರು ಮಳೆಯ ಮಾರನೆಯ ಬೆಳಿಗ್ಗೆ ಬೆಲ್ಟ್ ಕಿರುಚಿತು, ಬ್ಯಾಟರಿ ಲೈಟ್ ಮಿಣುಕಿತು. ಅವತ್ತೇ ಸಂಜೆ ಎರಡೂ ಕಿಂಡಿಗಳ ಕೆಳಗೆ ಮೂರು ಸೆಂಟಿಮೀಟರ್ ಬಿಟ್ಟು ಓರೆಯಾಗಿ ಒಂದೊಂದು ತಗಡಿನ ತಟ್ಟೆ ಕಟ್ಟಿ, ಅದರಿಂದ ಸಣ್ಣ ಪೈಪನ್ನು ಕೆಳಕ್ಕೆ ಇಳಿಸಿದೆ. ಬಿಸಿ ತಟ್ಟೆಯ ಪಕ್ಕದಿಂದ ಮೇಲೆ ಹೋಗುತ್ತದೆ, ನೀರು ಪೈಪಲ್ಲಿ ಕೆಳಗೆ ಹೋಗುತ್ತದೆ. ಆಮೇಲೆ ಆ ತೊಂದರೆ ಬಂದಿಲ್ಲ. ನೀವು ಮಾಡುವುದಾದರೆ ತಟ್ಟೆಯನ್ನು ಮೊದಲ ದಿನವೇ ಹಾಕಿ. ಹೈ ಪ್ರೆಶರ್‌ನಲ್ಲಿ ತೊಳೆಸುವಾಗ ಕಿಂಡಿಯ ಮೇಲೆ ನೀರು ಬಿಡಬೇಡಿ ಅಂತ ಹೇಳುವುದನ್ನೂ ಮರೆಯಬೇಡಿ. ಇನ್ನೊಂದು, ಮಳೆಯಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್‌ನಿಂದ ಬಿಳಿ ಹಬೆ ಏಳುತ್ತದೆ. ಪಕ್ಕದ ಬೈಕ್‌ನವರು ಎಷ್ಟೋ ಸಲ ಗಾಜು ತಟ್ಟಿ, “ಸಾರ್, ಎಂಜಿನ್‌ನಿಂದ ಹೊಗೆ ಬರ್ತಾ ಇದೆ” ಎಂದಿದ್ದಾರೆ. ಕಾಳಜಿಯಿಂದ ಹೇಳುತ್ತಾರೆ ಅಲ್ವಾ, ನಿಲ್ಲಿಸಿ ವಿವರಿಸುತ್ತೇನೆ.

ಎರಡನೇ ವರ್ಷ ಎಡಗಡೆ ಹಿಂದಿನ ಅಂಚಿನಲ್ಲಿ ಪೇಂಟ್ ಉಬ್ಬಿತು. ಕೆರೆದರೆ ಕೆಳಗೆ ಕಂದು ತುಕ್ಕು. ಅದೇ ಅಂಚಿಗೆ ನಾನು ಅವಸರದಲ್ಲಿ ಒಂದೇ ಕೋಟ್ ಪ್ರೈಮರ್ ಹೊಡೆದಿದ್ದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒದ್ದೆಯಲ್ಲಿ ತಾಗಿಕೊಂಡಿದ್ದ ಕಡೆ ಬಿಳಿ ಪುಡಿಯೂ ಬಂದಿತ್ತು. ಎಲ್ಲ ಬಿಚ್ಚಿ, ಉಜ್ಜಿ, ಎರಡು ಕೋಟ್ ಪ್ರೈಮರ್ ಹೊಡೆದು, ನಡುವೆ ತೆಳು ರಬ್ಬರ್ ಹಾಳೆ ಇಟ್ಟು ಸೀಲಂಟ್ ಹಾಕಿದೆ. ಈಗ ಗಟ್ಟಿಯಾಗಿದೆ.

ಸಣ್ಣಪುಟ್ಟದ್ದು: ಮೊದಮೊದಲು 70ರ ವೇಗದಲ್ಲಿ ಶಿಳ್ಳೆ ಹೊಡೆದಂತೆ ಸದ್ದಾಗುತ್ತಿತ್ತು, ಪಟ್ಟಿಯ ಅಂಚನ್ನು ಅರದಲ್ಲಿ ದುಂಡಗೆ ಮಾಡಿದ ಮೇಲೆ ನಿಂತಿತು. ಜಾಲರಿ ಇರಲೇಬೇಕು. ಒಣ ಎಲೆ ಒಳಗೆ ಬಿದ್ದು ಬಿಸಿ ಎಕ್ಸಾಸ್ಟ್ ಮೇಲೆ ಕೂತರೆ ಬೆಂಕಿಯ ಭಯ. ತಿಂಗಳಿಗೊಮ್ಮೆ ಬ್ರಷ್‌ನಲ್ಲಿ ಗುಡಿಸುತ್ತೇನೆ. ಕತ್ತರಿಸುವ ಮೊದಲು ನಿಮ್ಮಲ್ಲಿನ ವಾಹನ ನಿಯಮ ಮತ್ತು ವಿಮೆಯ ಷರತ್ತು ಓದಿಕೊಳ್ಳಿ, ಬಾನೆಟ್ ಒಮ್ಮೆ ಕತ್ತರಿಸಿದರೆ ಮುಗಿಯಿತು.

ವಾರಂಟಿ ಇರುವ ಹೊಸ ಕಾರಿಗೆ, ಅಥವಾ ಬಹುಪಾಲು ಹೈವೇಯಲ್ಲೇ ಓಡುವ ಕಾರಿಗೆ ಇದು ಬೇಡ. ನಿಂತು ನಿಂತು ಸಾಗುವ ಹಳೆಯ ಕಾರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು ಅಂಕ ತುಕ್ಕಿನ ಕಾವಲಿಗೆ ಹೋಯಿತು. ಹೋದ ತಿಂಗಳು ಅದೇ ಏರ್ ಫಿಲ್ಟರ್ ಬದಲಿಸುವಾಗ ಆ ಹೊಸ ಕನೆಕ್ಟರ್ ಕ್ಲಿಪ್ ಒತ್ತಿ ನೋಡಿದೆ. ಬಾಗಿತು, ಟಕ್ ಅಂತ ವಾಪಸ್ ಬಂತು.