ಬಾಣಂತಿ ಕೋಣೆಗೆ ತಂದ ಏರ್ ಪ್ಯೂರಿಫೈಯರ್: ಎಂಟು ತಿಂಗಳ ಅನುಭವ

ತಂಗಿ ಸೀಮಂತ ಮುಗಿಸಿಕೊಂಡು ಹೆರಿಗೆಗೆ ಬಂದಳು. ನಮ್ಮ ಮನೆ ಬೆಂಗಳೂರಿನ ರಿಂಗ್ ರೋಡ್ ಪಕ್ಕದಲ್ಲೇ ಇದೆ, ಎರಡನೇ ಮಹಡಿ. ಬೆಳಿಗ್ಗೆ ಒರೆಸಿದ ಕಿಟಕಿ ಸರಳಿಗೆ ಸಂಜೆ ಬೆರಳಿಟ್ಟರೆ ಕಪ್ಪು ಅಂಟುತ್ತದೆ. ಅವಳ ಕೋಣೆಗಾದರೂ ಇರಲಿ ಅಂತ 11,500 ರೂಪಾಯಿ ಕೊಟ್ಟು ಒಂದು ಏರ್ ಪ್ಯೂರಿಫೈಯರ್ ತಂದೆವು.

ಅಂಗಡಿಯ ಹುಡುಗ, "ಇದಿದ್ರೆ ಮಗು ತೂಕ ಕರೆಕ್ಟಾಗಿರುತ್ತೆ ಮೇಡಂ, ಮುಂದೆ ದಪ್ಪನೂ ಆಗಲ್ಲ" ಅಂದ. ಮೊದಲು ಆ ಮಾತಿನ ಬಗ್ಗೆಯೇ ಹೇಳುತ್ತೇನೆ, ಯಾಕೆಂದರೆ ಅದು ಪೂರ್ತಿ ಸುಳ್ಳಲ್ಲ, ಆದರೆ ಹಾಗೆ ಗ್ಯಾರಂಟಿ ಕೊಟ್ಟು ಮಾರುವಂಥದ್ದೂ ಅಲ್ಲ.

ನ್ಯೂಯಾರ್ಕಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಬಸುರಿಯರ ಬೆನ್ನಿಗೆ ಒಂದು ಚಿಕ್ಕ ಬ್ಯಾಗ್ ಹಾಕಿ, ಎರಡು ದಿನ ಅವರು ಉಸಿರಾಡಿದ ಗಾಳಿಯನ್ನು ಅಳೆದಿದ್ದರು. ಡೀಸೆಲ್, ಕಲ್ಲಿದ್ದಲು, ಸೌದೆ ಸರಿಯಾಗಿ ಉರಿಯದೆ ಬರುವ ಪಿಎಎಚ್ ಅನ್ನೋ ರಾಸಾಯನಿಕಗಳು ಅದರಲ್ಲಿ ಎಷ್ಟಿವೆ ಅಂತ ನೋಡಿದರು. ಆಮೇಲೆ ಮಕ್ಕಳ ತೂಕ ನೋಡುತ್ತಾ ಹೋದರು. 2012ರಲ್ಲಿ ಬಂದ ಫಲಿತಾಂಶದ ಪ್ರಕಾರ, ಕಡಿಮೆ ಹೊಗೆ ಕುಡಿದ ತಾಯಂದಿರ ಮಕ್ಕಳಿಗೆ ಹೋಲಿಸಿದರೆ ಅತಿ ಹೆಚ್ಚು ಕುಡಿದವರ ಮಕ್ಕಳಲ್ಲಿ ಬೊಜ್ಜಿನ ಸಾಧ್ಯತೆ ಐದನೇ ವಯಸ್ಸಿಗೆ 1.79 ಪಟ್ಟು, ಏಳನೇ ವಯಸ್ಸಿಗೆ 2.26 ಪಟ್ಟು. ಇನ್ನೊಂದು ಕಡೆ, ಹೊಗೆಯ ಗಾಳಿಯಲ್ಲಿದ್ದ ಬಸುರಿಯರಿಗೆ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಜಾಸ್ತಿ ಅಂತಲೂ ಬೇಕಾದಷ್ಟು ಅಧ್ಯಯನಗಳು ಹೇಳಿವೆ. ಅಂದರೆ ಹುಟ್ಟುವಾಗ ಸಣ್ಣ, ಬೆಳೆಯುತ್ತಾ ದಪ್ಪ, ಎರಡೂ ಆಗಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೀಜಿಂಗಿನ ಇಲಿಗಳ ಪ್ರಯೋಗ, 2016ರದ್ದು. ಗಬ್ಬದ ಇಲಿಗಳನ್ನು ಎರಡು ಗೂಡಿನಲ್ಲಿಟ್ಟರು. ಒಂದಕ್ಕೆ ಊರಿನ ಗಾಳಿ, ಇನ್ನೊಂದಕ್ಕೆ ಫಿಲ್ಟರ್ ಆದ ಗಾಳಿ, ಊಟ ಎರಡಕ್ಕೂ ಒಂದೇ. ಎಂಟನೇ ವಾರಕ್ಕೆ ಊರಿನ ಗಾಳಿ ಕುಡಿದ ಮರಿಗಳು ಹೆಣ್ಣಾದರೆ 10%, ಗಂಡಾದರೆ 18% ಜಾಸ್ತಿ ತೂಗಿದವು. ಗಾಳಿಯ ಕಣ ಒಳಗೆ ಹೋಗಿ ಉರಿಯೂತ ತರುತ್ತದೆ, ಅದರಿಂದ ಮೈ ಕೊಬ್ಬನ್ನು ಬಳಸುವ ಕ್ರಮವೇ ಕೆಡುತ್ತದೆ ಅನ್ನೋದು ಅವರ ವಿವರಣೆ. ಇಲಿ ಇಲಿಯೇ, ಮನುಷ್ಯರಲ್ಲಿ ಇದು ಸಾಬೀತಾಗಿಲ್ಲ. ಆದರೂ ಏಳು ತಿಂಗಳ ಬಸುರಿ ಮನೆಯಲ್ಲಿರುವಾಗ ಇದನ್ನು ಓದಿ ಸುಮ್ನೆ ಇರೋಕೆ ನನ್ನಿಂದ ಆಗಲಿಲ್ಲ.

ಈಗ ಮೆಷೀನಿಗೆ ಬರೋಣ. ಕೋಣೆ 10 ಅಡಿ, 12 ಅಡಿ, ಎತ್ತರ 10. ಗಂಟೆಗೆ ಐದು ಸಲ ಗಾಳಿ ಸೋಸಬೇಕಾದರೆ ಸಿಎಡಿಆರ್, ಅಂದರೆ ಮೆಷೀನು ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅನ್ನೋ ಲೆಕ್ಕ, 170 ಸಾಕು, ಡಬ್ಬದ ಮೇಲೆ 300 ಇತ್ತು. ಆದರೆ ಅದು ಫುಲ್ ಸ್ಪೀಡಿನ ಲೆಕ್ಕ. ಆ ಸದ್ದಿಗೆ ತಂಗಿಗೆ ನಿದ್ದೆ ಬರುತ್ತಿರಲಿಲ್ಲ. ಮಧ್ಯದ ಸ್ಪೀಡಿನಲ್ಲಿ ಬಾಗಿಲು, ಕಿಟಕಿ ಹಾಕಿಟ್ಟರೆ 70ರಲ್ಲಿದ್ದ ಪಿಎಂ 2.5 (ಗಾಳಿಯ ಅತಿ ಸಣ್ಣ ಕಣಗಳು, ಘನ ಮೀಟರಿಗೆ ಎಷ್ಟು ಮೈಕ್ರೋಗ್ರಾಂ ಅಂತ ಲೆಕ್ಕ) ಮುಕ್ಕಾಲು ಗಂಟೆಯಲ್ಲಿ 12ಕ್ಕೆ ಇಳಿಯುತ್ತಿತ್ತು. ದಿನದ ಸರಾಸರಿಗೆ ನಮ್ಮ ದೇಶದ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಮಗು ಹುಟ್ಟಿದ ಮೇಲೆ ಒಂದು ದಿನ ನೀರು ಹಾಕಿಸಿ ಕರೆದುಕೊಂಡು ಬಂದು, ಅಮ್ಮ ಎಂದಿನಂತೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದರು. ಬುಟ್ಟಿ ಮುಚ್ಚಿ ಮಗುವಿನ ತಲೆಗೆ ಹೊಗೆ ಹಿಡಿಯುವಷ್ಟರಲ್ಲಿ ಮೆಷೀನು ಒಂದೇ ಸಮ ಜೋರಾಗಿ ಕೂಗತೊಡಗಿತು. 14 ಇದ್ದದ್ದು 90 ಆಯಿತು, 260 ಆಯಿತು, 400 ದಾಟಿತು. "ಅಜ್ಜೀ, ಕೆಂಪು ಲೈಟ್ ಬಂತು!" ಅಂತ ನನ್ನ ಮಗ ಕಿರುಚಿದ. ಅಮ್ಮ "ನಿಮ್ಮಿಬ್ಬರಿಗೂ ಹಾಕಿದ್ದೆ, ಏನಾಯ್ತು?" ಅಂದರು, ನಿಜ. ಆದರೆ ಮತ್ತೆ ಒಂದು ನಿಮಿಷ ಆ ನಂಬರ್ ನೋಡುತ್ತಾ ನಿಂತು, ತಾವೇ ಕೆಂಡದ ತಟ್ಟೆ ಎತ್ತಿಕೊಂಡು ಬಾಲ್ಕನಿಗೆ ಹೋದರು. ಆವತ್ತಿನಿಂದ ಸಾಂಬ್ರಾಣಿ ಇಲ್ಲ, ಹಳೇ ಕಾಟನ್ ಸೀರೆ ತುಂಡಿನಲ್ಲಿ ತಲೆ ಒರೆಸಿ ಎಳೆ ಬಿಸಿಲಿಗೆ ಹಿಡಿಯುತ್ತಾರೆ. ಸೊಳ್ಳೆ ಬತ್ತಿ ಹೋಗಿ ಪರದೆ ಬಂತು. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚುತ್ತೇವೆ. ನನ್ನ ಕೇಳಿದರೆ ಆ ದುಡ್ಡು ಅಲ್ಲೇ ವಸೂಲಾಯಿತು.

ತೊಂದರೆಗಳೂ ಇವೆ. ಫಿಲ್ಟರ್ ಒಂದು ವರ್ಷ ಬರುತ್ತೆ ಅಂದಿದ್ದರು, ಐದೇ ತಿಂಗಳಿಗೆ ಬದಲಾಯಿಸು ಅಂತ ಲೈಟ್ ಬಂತು. ತೆಗೆದು ನೋಡಿದರೆ ಬಿಳಿ ಮಡಿಕೆಗಳೆಲ್ಲ ಇದ್ದಿಲ ಬಣ್ಣ. ಹೊಸದಕ್ಕೆ 3,200, ಅದೂ ಕಂಪನಿಯವರು ಮೂರು ವಾರ ಫೋನ್ ಮಾಡಿಸಿಕೊಂಡು ಕಳಿಸಿದರು. ಕಣ ಹಿಡಿಯುತ್ತೆ ಬಿಟ್ಟರೆ ವಾಹನದ ಗ್ಯಾಸನ್ನು ಇದರ ತೆಳು ಕಾರ್ಬನ್ ಪದರ ಹೆಚ್ಚೇನೂ ತಡೆಯಲ್ಲ. ಇಡೀ ದಿನ ಮುಚ್ಚಿಟ್ಟ ಕೋಣೆಯಲ್ಲಿ ತಲೆ ಭಾರ ಆಗುತ್ತದೆ, ಹಾಗಾಗಿ ಟ್ರಾಫಿಕ್ ಕಡಿಮೆ ಇರುವ ಮಧ್ಯಾಹ್ನ ಅರ್ಧ ಗಂಟೆ ಕಿಟಕಿ ತೆಗೆಯಲೇಬೇಕು.

ಮಗು 2.8 ಕಿಲೋ ಇತ್ತು, ಈಗ ಚೆನ್ನಾಗಿ ಬೆಳೀತಿದೆ. ಅದು ಈ ಮೆಷೀನಿನಿಂದ ಅಂತ ನಾನು ಹೇಳಲ್ಲ, ತಂಗಿ ಊಟ, ನಿದ್ದೆ, ಡಾಕ್ಟರ್ ಚೆಕಪ್ ಎಲ್ಲ ಸರಿಯಾಗಿ ನೋಡಿಕೊಂಡಳು. ತೂಕಕ್ಕೆ ಅಂತಲೇ ಯಾರಾದರೂ ಮಾರಲು ಬಂದರೆ ತಗೋಬೇಡಿ. ಬಸುರಿ, ಬಾಣಂತಿ ಅಥವಾ ಕೂಸು ಇರುವ ರಸ್ತೆ ಬದಿ ಮನೆಯಾದರೆ, ಮಲಗುವ ಒಂದು ಕೋಣೆಗೆ ಖಂಡಿತ ತಗೊಳ್ಳಿ, ನಂಬರ್ ತೋರಿಸುವ ಮಾಡೆಲ್ಲನ್ನೇ ಕೇಳಿ, ಮತ್ತು ದುಡ್ಡು ಕೊಡುವ ಮೊದಲು ಫಿಲ್ಟರ್ ಅದೇ ಅಂಗಡಿಯಲ್ಲಿ ಸಿಗುತ್ತಾ ವಿಚಾರಿಸಿ. ಐದಕ್ಕೆ ಮೂರೂವರೆ ಸ್ಟಾರ್.