ಕಾಮಿಡಿ ಸಿನಿಮಾಗೆ ಲಾಗ್‌ಲೈನ್: ಈ ಎರಡರಲ್ಲಿ ಯಾವುದು?

2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ಹಿನ್ನೆಲೆಯ ಕಾಮಿಡಿಗೆ ಎರಡು ಲಾಗ್‌ಲೈನ್ (ಸಿನಿಮಾ ಕಥೆಯ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳುವ ಸಾಲು) ನೋಡಿ.

ಒಂದು: “ಟೊಮೆಟೊ ಬೆಳೆಗಾರನೊಬ್ಬನ ಬದುಕಿನಲ್ಲಿ ನಡೆಯುವ, ನಕ್ಕು ನಕ್ಕು ಸುಸ್ತಾಗಿಸುವ ಘಟನೆಗಳು.”

ಎರಡು: “ಟೊಮೆಟೊಗೆ ಬಂಗಾರದ ಬೆಲೆ ಬಂದಾಗ, ಹೆಂಡತಿಯನ್ನೂ ನಂಬದ ರೈತ ತೋಟ ಕಾಯಲು ಊರಿನ ಕಳ್ಳನನ್ನೇ ಇಟ್ಟುಕೊಳ್ಳಬೇಕಾಗುತ್ತದೆ.”

ಮೊದಲನೆಯದು ನಗಿಸ್ತೀನಿ ಅಂತ ಸುಮ್ನೆ ಮಾತು ಕೊಡುತ್ತದೆ. ಯಾವ ಊರಿನ ಯಾವ ಕಥೆಗಾದರೂ ಅಂಟಿಸಬಹುದು. ಎರಡನೆಯದರಲ್ಲಿ ನಗುವಿನ ಮಾತೇ ಇಲ್ಲ, ಆದರೂ ಓದುವಾಗಲೇ ನಗು ಬರುತ್ತದೆ ಅಲ್ವಾ? ಅನುಮಾನದ ಮನುಷ್ಯನಿಗೆ ಕಳ್ಳನೇ ಗತಿ. ಆ ಜೋಡಿಯಿಂದಲೇ ದೃಶ್ಯಗಳು ಹುಟ್ಟುತ್ತವೆ: ಕಾವಲುಗಾರನನ್ನು ಕಾಯಲು ರೈತ ರಾತ್ರಿಯೆಲ್ಲ ಮಾವಿನ ಮರ ಹತ್ತಿ ಕೂರಬಹುದು. ಲಾಗ್‌ಲೈನ್‌ನಲ್ಲಿ ಪಾತ್ರಗಳ ಹೆಸರು, ಕ್ಲೈಮ್ಯಾಕ್ಸ್ ಯಾವುದೂ ಬೇಕಾಗಿಲ್ಲ.

ನಿರ್ಮಾಪಕರಿಗೆ ಎರಡನೆಯದನ್ನೇ ಕಳಿಸಿ.